ಅಜ್ಜಮಾಡ ದೇವಯ್ಯ: ಎದುರಾಳಿಯ ಸಾಕ್ಷ್ಯ

ಕೊಡಗಿನ ಸೈನಿಕ ಪರಂಪರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಭೂಸೇನೆಯ ಕಾರ್ಯಪ್ಪ, ತಿಮ್ಮಯ್ಯನವರಿಂದ ಆರಂಭವಾಗುತ್ತವೆ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಆ ಸಾಲಿಗೆ ಸೇರಲು ಎರಡು ದಶಕಗಳಿಗೂ ಮಿಗಿಲಾದ ಕಾಲ ಹಿಡಿಯಿತು.

1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧ ವಾಯುನೆಲೆಯ ಮೇಲೆ ದಾಳಿ ನಡೆಸಿದವು. ದೇವಯ್ಯನವರದು ಮೀಸಲು ಸ್ಥಾನ. ಆದರೂ ಅವರು ತಂಡವನ್ನು ಕೂಡಿಕೊಂಡರು. ಮರಳುವ ದಾರಿಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಅವರನ್ನು ಬೆನ್ನಟ್ಟಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಆ ವಿಮಾನಕ್ಕೆ ಮಿಸ್ಟೇರ್ ಎಣೆಯೇ ಅಲ್ಲ. ಪೆಟ್ಟುತಿಂದ ವಿಮಾನದಲ್ಲಿಯೇ ತಿರುಗಿಬಿದ್ದ ದೇವಯ್ಯನವರು ಅದನ್ನು ಹೊಡೆದುರುಳಿಸಿದರು. ಹುಸೇನರು ಪ್ಯಾರಾಚೂಟಿನಿಂದ ಇಳಿದು ಬದುಕಿದರು, ದೇವಯ್ಯನವರು ಹಿಂದಿರುಗಲಿಲ್ಲ.

ನಮ್ಮ ಕಡೆಯವರಾರೂ ಇದನ್ನು ಕಂಡಿರಲಿಲ್ಲ. ಹೀಗಾಗಿ ಕಾಣೆಯಾದವರೆಂದಷ್ಟೇ ದಾಖಲಾಯಿತು. ವೀರಗಲ್ಲುಗಳ ಈ ನಾಡಿನಲ್ಲಿ ಮಡಿದವನ ಹೋರಾಟವನ್ನು ಅವನ ಊರವರೇ ಕಲ್ಲಿನಲ್ಲಿ ಕಡೆಸುತ್ತಿದ್ದರು. ಇಲ್ಲಿ ಸಾಕ್ಷ್ಯ ಬಂದದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರರ ಯುದ್ಧಕಥನ ಪ್ರಕಟವಾದ ಮೇಲೆಯೇ ಸಂಗತಿ ಬೆಳಕಿಗೆ ಬಂದು, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರಚಕ್ರ ಸಂದಿತು. ಮಡಿಕೇರಿಯ ವೃತ್ತವೊಂದು ಅವರ ಹೆಸರನ್ನು ಹೊತ್ತಿದೆ. ದೇಹವು ಮಾತ್ರ ಅಲ್ಲಿನ ಹಳ್ಳಿಗರು ಮಣ್ಣುಮಾಡಿದ ಪಾಕಿಸ್ತಾನದ ಹೊಲದಲ್ಲಿಯೇ ಉಳಿಯಿತು.