ತಡವಾಗಿ ಮೂಡಿದ ನೀಲಿ

ಓಟದ ಪಂದ್ಯದಲ್ಲಿ ಪಿಸ್ತೂಲು ಸದ್ದು ಮಾಡಿದೊಡನೆ ಓಟಗಾರ ಮುನ್ನುಗ್ಗುತ್ತಾನೆ. ಅವನ ಉಸಿರಾಟ ಬಿರುಸಾಗುವ ಮೊದಲೇ ಸ್ನಾಯುಗಳು ಪೂರ್ತಿ ವೇಗದಲ್ಲಿ ದುಡಿಯುತ್ತಿರುತ್ತವೆ. ಆ ಮೊದಲ ಕೆಲವು ಸೆಕೆಂಡುಗಳ ಶಕ್ತಿ ಎಲ್ಲಿಂದ ಬರುತ್ತದೆ?

1920ರ ದಶಕದಲ್ಲಿ ವಿಜ್ಞಾನಿಗಳು ಇದಕ್ಕೆ ಕೊಡುತ್ತಿದ್ದ ಉತ್ತರ ಲ್ಯಾಕ್ಟಿಕ್ ಆಮ್ಲ. ಸ್ನಾಯುವಿನ ಸಂಶೋಧನೆಗಾಗಿ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಪ್ರಶಸ್ತಿಯೂ ಸಂದಿತ್ತು. ಈ ನಂಬಿಕೆ ಸಡಿಲಗೊಳ್ಳಲು ಕಾರಣವಾದದ್ದು, ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಅಳೆಯುವ ಒಂದು ಸಾಮಾನ್ಯ ವಿಧಾನ.

ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಅವರೊಡನೆ ಯಲ್ಲಾಪ್ರಗಡ ಸುಬ್ಬರಾವ್ ದುಡಿಯುತ್ತಿದ್ದರು. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು ಅವರು. ಇಬ್ಬರೂ ಸೇರಿ 1925ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಆಮ್ಲೀಯ ದ್ರಾವಣದಲ್ಲಿ ಫಾಸ್ಫೇಟ್ ಇದ್ದರೆ ಮಾಲಿಬ್ಡೇಟ್ ಮತ್ತು ಅಪಕರ್ಷಣಕಾರಿ ಸೇರಿಸಿದಾಗ ನೀಲಿ ಬಣ್ಣ ಮೂಡುತ್ತದೆ. ಫಾಸ್ಫೇಟ್ ಹೆಚ್ಚಿದಷ್ಟೂ ನೀಲಿ ಗಾಢ.

ಆದರೆ ಸ್ನಾಯುವಿನ ಸಾರದಲ್ಲಿ ಬಣ್ಣ ಸರಿಯಾಗಿ ಮೂಡಲಿಲ್ಲ. ಬೇಗ ನಿಲ್ಲಬೇಕಾದ ನೀಲಿ, ನಿಧಾನವಾಗಿ ಗಾಢವಾಗುತ್ತಲೇ ಹೋಯಿತು. ನಾವಾಗಿದ್ದರೆ ರಾಸಾಯನಿಕ ಹಳತಾಗಿದೆ ಎಂದು ಚೆಲ್ಲಿಬಿಡುತ್ತಿದ್ದೆವೇನೋ! ಅವರು ಬೇರೆ ರೀತಿ ಯೋಚಿಸಿದರು. ಫಾಸ್ಫೇಟ್ ಯಾವುದಕ್ಕೋ ಅಂಟಿಕೊಂಡಿದೆ. ಆಮ್ಲ ಮತ್ತು ಮಾಲಿಬ್ಡೇಟ್ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಿವೆ. ಹಿಂದಿನವರ ಪರೀಕ್ಷೆಯಲ್ಲಿ ಈ ಬಂಧ ಮೊದಲೇ ಮುರಿದುಹೋಗುತ್ತಿದ್ದುದರಿಂದ ಅವರು ಎಲ್ಲವನ್ನೂ ಬರಿಯ ಫಾಸ್ಫೇಟ್ ಎಂದೇ ಲೆಕ್ಕ ಹಾಕಿದ್ದರು.

ಅಂಟಿಕೊಂಡಿದ್ದ ವಸ್ತು ಕ್ರಿಯಾಟಿನ್. ಶೆವ್ರಲ್ 1832ರಲ್ಲೇ ಮಾಂಸದ ಸಾರದಿಂದ ಅದನ್ನು ಬೇರ್ಪಡಿಸಿದ್ದರು. ಅದರ ಕೆಲಸ ಮಾತ್ರ ತಿಳಿದಿರಲಿಲ್ಲ. ಸ್ನಾಯು ದುಡಿದಾಗ ಈ ಫಾಸ್ಫೋಕ್ರಿಯಾಟಿನ್ ಕಡಿಮೆಯಾಗುತ್ತದೆ, ವಿಶ್ರಾಂತಿಯಲ್ಲಿ ಮತ್ತೆ ಕೂಡುತ್ತದೆ ಎಂದು 1927ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ತೋರಿಸಿದರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎಗಲ್ಟನ್ ದಂಪತಿಗಳೂ ಈ ವಸ್ತುವನ್ನು ಕಂಡು 'ಫಾಸ್ಫಾಜೆನ್' ಎಂದು ಹೆಸರಿಟ್ಟರು. ಅದರೊಳಗಿನದು ಕ್ರಿಯಾಟಿನ್ ಎಂಬುದು ಮಾತ್ರ ಅವರಿಗೆ ಮೊದಲು ಹೊಳೆದಿರಲಿಲ್ಲ.

ಇದರ ರಚನೆಯನ್ನು ಸ್ವಲ್ಪ ನೋಡೋಣ. ಕ್ರಿಯಾಟಿನ್‌ನಲ್ಲಿ ಗ್ವಾನಿಡೀನ್ ಎಂಬ ಗುಂಪು ಇದೆ: ನಡುವೆ ಒಂದು ಇಂಗಾಲ, ಸುತ್ತ ಮೂರು ಸಾರಜನಕ. ಈ ಮೂರೂ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ನೆಮ್ಮದಿಯಾಗಿರುತ್ತವೆ. ಅವುಗಳಲ್ಲೊಂದಕ್ಕೆ ರಂಜಕ ಬಂದು ಸೇರಿದರೆ ಆ ಹಂಚಿಕೆ ಕೆಡುತ್ತದೆ. ಬಂಧ ಮುರಿದಾಗ ಹಳೆಯ ಸ್ಥಿತಿ ಮರಳುತ್ತದೆ. ಒಂದು ಮೋಲ್‌ಗೆ ಸುಮಾರು 43 ಕಿಲೋಜೂಲ್ ಶಕ್ತಿ ಹೊರಬೀಳುತ್ತದೆ. ಎಟಿಪಿಯ ಬಂಧದಿಂದ ಸಿಗುವುದು ಸುಮಾರು 30 ಮಾತ್ರ. ಏಡಿಯಂಥ ಪ್ರಾಣಿಗಳಲ್ಲಿ ಕ್ರಿಯಾಟಿನ್ ಬದಲು ಆರ್ಜಿನಿನ್ ಇದೆ. ಅಲ್ಲಿಯೂ ರಂಜಕ ಅಂಟುವುದು ಗ್ವಾನಿಡೀನ್ ಗುಂಪಿಗೇ!

1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ತಡೆದರೂ ಸ್ನಾಯು ಕುಗ್ಗುವುದನ್ನು ತೋರಿಸಿದರು. ಆಗ ಖರ್ಚಾಗುತ್ತಿದ್ದುದು ಫಾಸ್ಫೋಕ್ರಿಯಾಟಿನ್. ಅದು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಎಟಿಪಿಯನ್ನು ಮತ್ತೆ ಕಟ್ಟುತ್ತದೆ ಎಂಬುದನ್ನು 1934ರಲ್ಲಿ ಲೋಮನ್ ಬಿಡಿಸಿ ಹೇಳಿದರು. 1938ರ ಹೊತ್ತಿಗೆ ಪ್ರಯೋಗಾಲಯದಲ್ಲಿಯೇ ಫಾಸ್ಫೋಕ್ರಿಯಾಟಿನ್ ತಯಾರಾಯಿತು.

ಸುಬ್ಬರಾವ್ ಅವರಿಗೆ ಹಾರ್ವರ್ಡಿನಲ್ಲಿ ಶಾಶ್ವತ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಔಷಧ ಸಂಸ್ಥೆಗೆ ಹೋದರು, 1948ರಲ್ಲಿ ತೀರಿಕೊಂಡರು. 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.