ಮಹಿಳಾ ಅಧ್ಯಯನದಲ್ಲಿ ಯಹೂದಿ ಸ್ತ್ರೀವಾದ

ಯಹೂದಿ ಮಹಿಳೆಯರ ಬದುಕು, ಧಾರ್ಮಿಕ ಸ್ಥಾನಮಾನ ಹಾಗೂ ಚರಿತ್ರೆಯನ್ನು ಸ್ತ್ರೀವಾದಿ ದೃಷ್ಟಿಯಿಂದ ಪರಿಶೀಲಿಸುವ ವಿದ್ವತ್ ಶಾಖೆಯು 1970ರ ದಶಕದಲ್ಲಿ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡಿತು. ಈ ಶಾಖೆಯ ವಿದುಷಿಯರು ಏಕಕಾಲಕ್ಕೆ ಎರಡು ಕಡೆ ವಾದಿಸಬೇಕಾಯಿತು. ಒಂದು ಕಡೆ ಯಹೂದಿ ಸಂಪ್ರದಾಯದ ಪುರುಷಪ್ರಾಧಾನ್ಯ. ಇನ್ನೊಂದು ಕಡೆ ಯಹೂದಿ ಮಹಿಳೆಯರನ್ನು ಪ್ರತ್ಯೇಕವಾಗಿ ಗುರುತಿಸದಿದ್ದ ಮಹಿಳಾ ಅಧ್ಯಯನ.

ಹಿನ್ನೆಲೆ

ಬರ್ತಾ ಪಾಪೆನ್‌ಹೈಮ್ ಅವರು 1904ರಲ್ಲಿ ಜರ್ಮನಿಯಲ್ಲಿ ಯಹೂದಿ ಮಹಿಳಾ ಒಕ್ಕೂಟವನ್ನು ಸ್ಥಾಪಿಸಿದರು. ನಾಟ್ಸಿ ಆಡಳಿತದಲ್ಲಿ, 1938ರಲ್ಲಿ, ಅದು ಕೊನೆಗೊಂಡಿತು. ಮನೋವಿಶ್ಲೇಷಣೆಯ ಚರಿತ್ರೆಯಲ್ಲಿ 'ಆನಾ ಓ.' ಎಂಬ ಹೆಸರಿನ ರೋಗಿಯಾಗಿ ಪ್ರಸಿದ್ಧರಾದವರೂ ಇವರೇ. ರೋಗಿಗೆ ದೊರೆತ ಗಮನ ಸಂಘಟಕಿಗೆ ಬಹುಕಾಲ ದೊರೆಯಲಿಲ್ಲ. ಒಕ್ಕೂಟದ ಚರಿತ್ರೆಯನ್ನು ಕುರಿತ ಮರಿಯನ್ ಕಪ್ಲಾನ್ ಅವರ ಗ್ರಂಥ ಪ್ರಕಟವಾದದ್ದು 1979ರಲ್ಲಿ.

ರೆಜಿನಾ ಯೋನಾಸ್ ಅವರ ಪ್ರಸಂಗ ಇನ್ನೂ ಗಮನಾರ್ಹವಾದುದು. 1935ರಲ್ಲಿ ಜರ್ಮನಿಯಲ್ಲಿ ರಬ್ಬಿ (ಯಹೂದಿ ಧರ್ಮಗುರು) ಪದವಿ ಪಡೆದ ಇವರು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಹತ್ಯೆಯಾದರು. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸಾಂಡ್ ರಬ್ಬಿಯಾದಾಗ ಅವರನ್ನೇ ಮೊದಲ ಮಹಿಳಾ ರಬ್ಬಿ ಎಂದು ಹಲವರು ಬರೆದರು. ಬರ್ಲಿನ್ ಗೋಡೆ ಉರುಳಿದ ಬಳಿಕ ಪೂರ್ವ ಜರ್ಮನಿಯ ದಾಖಲೆ ಸಂಗ್ರಹದಲ್ಲಿ ಯೋನಾಸ್ ಅವರ ಕಾಗದಪತ್ರಗಳು ಸಂಶೋಧಕರ ಕಣ್ಣಿಗೆ ಬಿದ್ದವು. ಅನಂತರವಷ್ಟೇ ಅವರ ಹೆಸರು ವ್ಯಾಪಕವಾಗಿ ತಿಳಿಯಿತು.

ಸಂಪ್ರದಾಯದ ವಿಮರ್ಶೆ

ಯಹೂದಿ ಧರ್ಮಶಾಸ್ತ್ರವಾದ ಹಲಾಖಾದಲ್ಲಿ ಸ್ತ್ರೀಯರಿಗಿರುವ ಸ್ಥಾನವನ್ನು ರೇಚಲ್ ಆಡ್ಲರ್ 1971ರ ಪ್ರಬಂಧವೊಂದರಲ್ಲಿ ಪ್ರಶ್ನಿಸಿದರು. ಸಾಮೂಹಿಕ ಪ್ರಾರ್ಥನೆಗೆ ಅಗತ್ಯವಾದ ಹತ್ತು ಜನರ ಗಣನೆಗೆ ಸ್ತ್ರೀಯರು ಸೇರುತ್ತಿರಲಿಲ್ಲ. ವಿಚ್ಛೇದನ ಪತ್ರ ನೀಡುವ ಅಧಿಕಾರವೂ ಪತಿಯದೇ ಆಗಿತ್ತು. 'ಎಜ್ರತ್ ನಶೀಂ' ಎಂಬ ತಂಡವು 1972ರಲ್ಲಿ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮಾವೇಶದಲ್ಲಿ ಈ ವಿಷಯಗಳ ಕುರಿತು ಬೇಡಿಕೆಗಳನ್ನು ಮುಂದಿಟ್ಟಿತು. ಮರುವರ್ಷ ಗಣನೆಯ ವಿಷಯದಲ್ಲಿ ಪಂಥ ಸಡಿಲಿಕೆ ತೋರಿತು. ಆ ಪಂಥದ ಮೊದಲ ಮಹಿಳಾ ರಬ್ಬಿ ನೇಮಕವಾಗಲು 1985ರವರೆಗೆ ಕಾಯಬೇಕಾಯಿತು.

ಜೂಡಿತ್ ಪ್ಲಾಸ್ಕೋ ಅವರ 1990ರ ಕೃತಿ ಇನ್ನೂ ಆಳಕ್ಕಿಳಿಯುತ್ತದೆ. ವಿಮೋಚನಕಾಂಡದ 19ನೆಯ ಅಧ್ಯಾಯದಲ್ಲಿ ಸೀನಾಯಿ ಬೆಟ್ಟದ ಬಳಿ ನೆರೆದ ಜನರಿಗೆ ಮೋಶೆಯು ಸ್ತ್ರೀಸಂಗದಿಂದ ದೂರವಿರುವಂತೆ ಹೇಳುತ್ತಾನೆ. ಹಾಗಾದರೆ ಆ 'ಜನರು' ಯಾರು? ಒಡಂಬಡಿಕೆಯ ಕ್ಷಣದಲ್ಲೇ ಸ್ತ್ರೀಯರು ಕೇಳುಗರ ಸಾಲಿನಿಂದ ಹೊರಗುಳಿದಿದ್ದಾರೆ ಎಂಬುದು ಪ್ಲಾಸ್ಕೋ ಅವರ ವಾದದ ಆರಂಭಬಿಂದು. ಕೆಲವು ನಿಯಮಗಳ ತಿದ್ದುಪಡಿ ಸಾಲದು, ದೇವರು, ತೋರಾ, ಸಮುದಾಯ ಎಂಬ ಮೂಲ ಪರಿಕಲ್ಪನೆಗಳೇ ಮರುಚಿಂತನೆಗೆ ಒಳಗಾಗಬೇಕು ಎಂದು ಅವರು ಪ್ರತಿಪಾದಿಸಿದರು. ಬ್ಲೂ ಗ್ರೀನ್‌ಬರ್ಗ್ ಮುಂತಾದವರು ಸಂಪ್ರದಾಯಬದ್ಧ ಆರ್ಥೊಡಾಕ್ಸ್ ಚೌಕಟ್ಟಿನೊಳಗೇ ಬದಲಾವಣೆಯನ್ನು ಅರಸಿದರು.

ಮಹಿಳಾ ಅಧ್ಯಯನದೊಳಗಿನ ಪ್ರಶ್ನೆ

ಅಮೆರಿಕದ ಸ್ತ್ರೀವಾದಿ ಚಳವಳಿಯಲ್ಲಿ ಯಹೂದಿ ಹಿನ್ನೆಲೆಯವರು ಕಡಿಮೆಯಿರಲಿಲ್ಲ. ಬೆಟ್ಟಿ ಫ್ರೀಡನ್, ಶುಲಮಿತ್ ಫೈರ್‌ಸ್ಟೋನ್ ಪರಿಚಿತ ಹೆಸರುಗಳು. ಮಹಿಳಾ ಚರಿತ್ರೆಯನ್ನು ಸ್ನಾತಕೋತ್ತರ ವಿಷಯವಾಗಿ ಬೆಳೆಸಿದ ಗೆರ್ಡಾ ಲರ್ನರ್ ಅವರು ವಿಯೆನ್ನಾದಿಂದ ಬಂದ ನಿರಾಶ್ರಿತೆ. ಆದರೂ ಜನಾಂಗ, ವರ್ಗ, ಲಿಂಗ ಎಂಬ ವಿಂಗಡಣೆಯಲ್ಲಿ ಯಹೂದಿ ಎಂಬ ಗುರುತಿಗೆ ಸುಲಭವಾಗಿ ಜಾಗ ಸಿಗಲಿಲ್ಲ. ಅದನ್ನು ಕೇವಲ ಮತವೆಂದು ಬದಿಗಿಡಲಾಯಿತು, ಇಲ್ಲವೇ 'ಬಿಳಿಯರು' ಎಂಬುದರೊಳಗೆ ಸೇರಿಸಲಾಯಿತು. ವಿಯೆನ್ನಾದಲ್ಲೇ ಜನಿಸಿದ ಎವಲಿನ್ ಟಾರ್ಟನ್ ಬೆಕ್ 1988ರ ಲೇಖನದಲ್ಲಿ ಈ ಅದೃಶ್ಯತೆಯನ್ನು ಒಂದು ರಾಜಕೀಯ ಸಮಸ್ಯೆಯಾಗಿ ವಿವರಿಸಿದರು. ಅದಕ್ಕೂ ಮೊದಲು, 1982ರಲ್ಲಿ, ಲೆಟ್ಟಿ ಕಾಟಿನ್ ಪೋಗ್ರೆಬಿನ್ ಅವರು ಮಹಿಳಾ ಚಳವಳಿಯೊಳಗಿನ ಯಹೂದಿ ದ್ವೇಷವನ್ನು ಕುರಿತು 'ಮಿಸ್' ಪತ್ರಿಕೆಯಲ್ಲಿ ಬರೆದ ಲೇಖನ ತೀವ್ರ ಚರ್ಚೆಗೆ ಕಾರಣವಾಗಿತ್ತು.

ಕೆಲವು ಕ್ರೈಸ್ತ ಸ್ತ್ರೀವಾದಿ ಬರಹಗಳು ಯೇಸುವನ್ನು ಸ್ತ್ರೀಪರನೆಂದು ತೋರಿಸಲು ಯಹೂದಿ ಧರ್ಮವನ್ನು ಕಪ್ಪು ಹಿನ್ನೆಲೆಯಾಗಿ ಬಳಸಿದ್ದವು. ಪಿತೃಪ್ರಧಾನತೆಯ ಹೊಣೆಯನ್ನು ಯಹೂದಿಗಳ ಮೇಲೆ ಹೊರಿಸುವ ಈ ವಾದವನ್ನು ಪ್ಲಾಸ್ಕೋ 1980ರಲ್ಲೇ ಖಂಡಿಸಿದರು. ತಮ್ಮ ಸಂಪ್ರದಾಯವನ್ನು ಅಷ್ಟು ಕಟುವಾಗಿ ವಿಮರ್ಶಿಸಿದವರಿಂದಲೇ ಬಂದ ಕಾರಣ ಈ ಖಂಡನೆಯನ್ನು ಸ್ವಮತಾಭಿಮಾನವೆಂದು ತಳ್ಳಿಹಾಕುವುದು ಕಷ್ಟ.

ಚರಿತ್ರೆಯ ಮರುರಚನೆ

ಪಶ್ಚಿಮ ಯೂರೋಪಿನಲ್ಲಿ ಧರ್ಮಾಚರಣೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ತಾಯಂದಿರ ಮೇಲೆ ಬಿತ್ತು. ಮಕ್ಕಳು ಸಂಪ್ರದಾಯದಿಂದ ದೂರ ಸರಿದಾಗ ದೂಷಣೆಯೂ ಅವರ ಪಾಲಿಗೇ ಬಂತು ಎಂಬುದನ್ನು ಪೌಲಾ ಹೈಮನ್ 1995ರ ಕೃತಿಯಲ್ಲಿ ತೋರಿಸಿದರು. ಅವರು ಡೆಬೊರಾ ಡ್ಯಾಶ್ ಮೂರ್ ಜೊತೆ ಸಂಪಾದಿಸಿದ ಅಮೆರಿಕದ ಯಹೂದಿ ಮಹಿಳೆಯರ ವಿಶ್ವಕೋಶ 1997ರಲ್ಲಿ ಹೊರಬಂದಿತು.

ಈ ಶಾಖೆಯ ಮೇಲೂ ಆಕ್ಷೇಪಗಳಿವೆ. ಅದರ 'ಯಹೂದಿ ಮಹಿಳೆ' ಬಹುಮಟ್ಟಿಗೆ ಯೂರೋಪಿನ ಮೂಲದವಳು. ಇರಾಕಿ ಯಹೂದಿ ಕುಟುಂಬದ ಎಲ್ಲಾ ಶೋಹತ್ ಅವರಂಥ ವಿದುಷಿಯರು ಅರಬ್ ದೇಶಗಳಿಂದ ಬಂದ ಮಿಜ್ರಾಹಿ ಯಹೂದಿಗಳ ಅನುಭವವನ್ನು ಮುಂದಿಟ್ಟು ಯೂರೋಪ್ ಕೇಂದ್ರಿತ ಚರಿತ್ರೆಯನ್ನು ಪ್ರಶ್ನಿಸಿದ್ದಾರೆ.