ಸೆಕ್ಯೂರ್ ಶೆಲ್

ಸೆಕ್ಯೂರ್ ಶೆಲ್ ಅಥವಾ ಎಸ್‌ಎಸ್‌ಎಚ್ ಎಂಬುದು ದೂರದಲ್ಲಿರುವ ಗಣಕಯಂತ್ರಕ್ಕೆ ಅಸುರಕ್ಷಿತ ಜಾಲದ ಮೂಲಕವೂ ಸುರಕ್ಷಿತವಾಗಿ ಲಾಗಿನ್ ಆಗಲು, ಅದರ ಮೇಲೆ ಆದೇಶಗಳನ್ನು ನಡೆಸಲು ಮತ್ತು ಕಡತಗಳನ್ನು ವರ್ಗಾಯಿಸಲು ಬಳಸುವ ಜಾಲ ಪ್ರೋಟೊಕಾಲ್ ಆಗಿದೆ. ಇದನ್ನು 1995ರಲ್ಲಿ ಫಿನ್ಲೆಂಡಿನ ತಾತು ಯುಲೊನೆನ್ ರೂಪಿಸಿದರು. ಇದರ ಅತ್ಯಂತ ವ್ಯಾಪಕ ಅನುಷ್ಠಾನವಾದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವು ಓಪನ್‌ಬಿಎಸ್‌ಡಿ ಯೋಜನೆಯ ಭಾಗವಾಗಿದ್ದು, ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಲಭ್ಯವಿದೆ. ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯವಾಗಿ 22ನೆಯ ಪೋರ್ಟ್ ಸಂಖ್ಯೆಯನ್ನು ಬಳಸುತ್ತದೆ.

ಹಿನ್ನೆಲೆ

ಎಸ್‌ಎಸ್‌ಎಚ್‌ಗೆ ಮೊದಲು ದೂರದ ಲಾಗಿನ್‌ಗಾಗಿ ಟೆಲ್‌ನೆಟ್ ಮತ್ತು ಆರ್‌ಲಾಗಿನ್ ಪ್ರೋಟೊಕಾಲ್‌ಗಳು ಬಳಕೆಯಲ್ಲಿದ್ದವು. ಇವು ಪಾಸ್‌ವರ್ಡನ್ನೂ ಒಳಗೊಂಡಂತೆ ಎಲ್ಲ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸದೆ, ಇದ್ದ ಹಾಗೆಯೇ ಕಳುಹಿಸುತ್ತಿದ್ದವು. ಒಂದೇ ಜಾಲದಲ್ಲಿರುವ ಯಾರೇ ಆದರೂ ಹಾದುಹೋಗುವ ಮಾಹಿತಿಯನ್ನು ಕದ್ದು ಓದಬಹುದಾಗಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹ ಪಾಸ್‌ವರ್ಡ್ ಕಳವು ನಡೆಯಿತು. ಅಲ್ಲಿ ಸಂಶೋಧಕರಾಗಿದ್ದ ಯುಲೊನೆನ್ ಇದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯನ್ನು ಬರೆದು, ಅದೇ ವರ್ಷದ ಜುಲೈನಲ್ಲಿ ಬಿಡುಗಡೆ ಮಾಡಿದರು. ವರ್ಷಾಂತ್ಯದ ಹೊತ್ತಿಗೆ ಸುಮಾರು 50 ದೇಶಗಳಲ್ಲಿ 20,000 ಬಳಕೆದಾರರು ಇದ್ದರೆಂದು ಅಂದಾಜಿಸಲಾಗಿದೆ.

ಕಡತ ವರ್ಗಾವಣೆಯ ಎಫ್‌ಟಿಪಿ 21ನೆಯ ಪೋರ್ಟನ್ನೂ ಟೆಲ್‌ನೆಟ್ 23ನೆಯ ಪೋರ್ಟನ್ನೂ ಬಳಸುತ್ತಿದ್ದವು. ಇವೆರಡರ ಸ್ಥಾನವನ್ನೂ ತುಂಬಬೇಕೆಂಬ ಉದ್ದೇಶದಿಂದ ಯುಲೊನೆನ್ ನಡುವಿನ 22ನೆಯ ಸಂಖ್ಯೆಯನ್ನು ಕೋರಿದರು. ಅಂತರಜಾಲದ ಸಂಖ್ಯೆಗಳನ್ನು ನಿಯೋಜಿಸುವ ಪ್ರಾಧಿಕಾರವು ಅದನ್ನು ಎಸ್‌ಎಸ್‌ಎಚ್‌ಗೆ ನೀಡಿತು.

ಓಪನ್‌ಎಸ್‌ಎಸ್‌ಎಚ್

ಯುಲೊನೆನ್ 1995ರ ಡಿಸೆಂಬರಿನಲ್ಲಿ ಕಂಪನಿಯೊಂದನ್ನು ಸ್ಥಾಪಿಸಿದರು. ಅನಂತರ ಬಂದ ಆವೃತ್ತಿಗಳ ಪರವಾನಗಿ ಕ್ರಮೇಣ ಬಿಗಿಯಾಯಿತು. 1999ರಲ್ಲಿ ಓಪನ್‌ಬಿಎಸ್‌ಡಿ ಅಭಿವೃದ್ಧಿಗಾರರು ಮುಕ್ತ ಪರವಾನಗಿ ಹೊಂದಿದ್ದ ಹಳೆಯ ಆವೃತ್ತಿಯ ಆಧಾರದ ಮೇಲೆ ಓಪನ್‌ಎಸ್‌ಎಸ್‌ಎಚ್ ಆರಂಭಿಸಿದರು. ಅದು ಅದೇ ವರ್ಷದ ಡಿಸೆಂಬರ್ 1ರಂದು ಓಪನ್‌ಬಿಎಸ್‌ಡಿ 2.6ರೊಂದಿಗೆ ಹೊರಬಂದಿತು. ಇತರ ಕಾರ್ಯಾಚರಣ ವ್ಯವಸ್ಥೆಗಳಿಗಾಗಿ ಪ್ರತ್ಯೇಕ ತಂಡವೊಂದು ಇದರ ಪೋರ್ಟಬಲ್ ಆವೃತ್ತಿಯನ್ನು ಸಿದ್ಧಪಡಿಸುತ್ತದೆ. ಮೈಕ್ರೋಸಾಫ್ಟ್ 2018ರಿಂದ ವಿಂಡೋಸ್ 10ರಲ್ಲಿ ಓಪನ್‌ಎಸ್‌ಎಸ್‌ಎಚ್ ಅನ್ನು ಸೇರಿಸಿತು. ಅದಕ್ಕೂ ಮೊದಲು ವಿಂಡೋಸ್ ಬಳಕೆದಾರರಲ್ಲಿ ಸೈಮನ್ ಟ್ಯಾಥಮ್ ಬರೆದ ಪುಟ್ಟಿ ಎಂಬ ಉಚಿತ ತಂತ್ರಾಂಶವೇ ಹೆಚ್ಚು ಪ್ರಚಲಿತವಾಗಿತ್ತು.

ರಚನೆ

ಪ್ರೋಟೊಕಾಲ್‌ನ ಎರಡನೆಯ ಆವೃತ್ತಿಯನ್ನು 2006ರ ಜನವರಿಯಲ್ಲಿ ಆರ್‌ಎಫ್‌ಸಿ 4251ರಿಂದ 4254ರವರೆಗಿನ ದಾಖಲೆಗಳಲ್ಲಿ ಪ್ರಕಟಿಸಲಾಯಿತು. ಇದು ಮೂರು ಪದರಗಳನ್ನು ಹೊಂದಿದೆ.

ಸಾಗಣೆ ಪದರ: ಕ್ಲೈಂಟ್ ಮತ್ತು ಸರ್ವರ್ ತಾವಿಬ್ಬರೂ ಬಲ್ಲ ಅಲ್ಗಾರಿದಮ್‌ಗಳನ್ನು ಆಯ್ದುಕೊಂಡು, ಕೀಲಿ ವಿನಿಮಯದ ಮೂಲಕ ಒಂದು ರಹಸ್ಯ ಕೀಲಿಯನ್ನು ಏರ್ಪಡಿಸಿಕೊಳ್ಳುತ್ತವೆ. ಈ ಕೀಲಿ ಜಾಲದಲ್ಲಿ ಎಂದೂ ನೇರವಾಗಿ ಹಾದುಹೋಗುವುದಿಲ್ಲ. ಇದೇ ಹಂತದಲ್ಲಿ ಸರ್ವರ್ ತನ್ನ ಗುರುತಿನ ಕೀಲಿಯಿಂದ ಸಹಿ ಮಾಡಿ ತನ್ನನ್ನು ಸಾಬೀತುಪಡಿಸುತ್ತದೆ.

ದೃಢೀಕರಣ ಪದರ: ಬಳಕೆದಾರನು ಪಾಸ್‌ವರ್ಡ್ ಅಥವಾ ಕೀಲಿ ಜೋಡಿಯಂತಹ ವಿಧಾನದಿಂದ ತಾನು ಯಾರೆಂಬುದನ್ನು ತೋರಿಸುತ್ತಾನೆ. ಕೀಲಿ ವಿಧಾನದಲ್ಲಿ ಸಾರ್ವಜನಿಕ ಕೀಲಿಯನ್ನು ಮೊದಲೇ ಸರ್ವರ್‌ನಲ್ಲಿ ಇರಿಸಲಾಗಿರುತ್ತದೆ. ಖಾಸಗಿ ಕೀಲಿ ಬಳಕೆದಾರನ ಯಂತ್ರದಲ್ಲಿಯೇ ಉಳಿಯುತ್ತದೆ. ಸರ್ವರ್‌ಗೆ ತಲುಪುವುದು ಅದರಿಂದ ಮಾಡಿದ ಸಹಿ ಮಾತ್ರ. ಆದ್ದರಿಂದ ಸರ್ವರ್‌ನ ಮಾಹಿತಿ ಕಳವಾದರೂ ಖಾಸಗಿ ಕೀಲಿ ಸೋರುವುದಿಲ್ಲ.

ಸಂಪರ್ಕ ಪದರ: ಒಂದೇ ಸಂಪರ್ಕದೊಳಗೆ ಶೆಲ್, ಕಡತ ವರ್ಗಾವಣೆ, ಪೋರ್ಟ್ ಫಾರ್ವರ್ಡಿಂಗ್ ಮುಂತಾದ ಹಲವು ವಾಹಿನಿಗಳನ್ನು ಈ ಪದರ ನಿರ್ವಹಿಸುತ್ತದೆ.

ವೆಬ್ ತಾಣಗಳಲ್ಲಿ ಇರುವಂತೆ ಸರ್ವರ್‌ನ ಗುರುತನ್ನು ಪ್ರಮಾಣೀಕರಿಸುವ ಕೇಂದ್ರೀಯ ವ್ಯವಸ್ಥೆ ಎಸ್‌ಎಸ್‌ಎಚ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ ಬಾರಿ ಸಂಪರ್ಕಿಸುವಾಗ ಕ್ಲೈಂಟ್ ಸರ್ವರ್‌ನ ಕೀಲಿಯ ಬೆರಳಚ್ಚನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ, ಮತ್ತು ಒಪ್ಪಿದ ಕೀಲಿಯನ್ನು ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಆ ಮೊದಲ ಒಪ್ಪಿಗೆಯೇ ಇಡೀ ಸುರಕ್ಷತೆಯ ತಳಹದಿಯಾಗಿದೆ.

ಅಭಿವೃದ್ಧಿಯ ತತ್ವಗಳು

ಎಸ್‌ಎಸ್‌ಎಚ್ ಸರ್ವರ್ ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿರುತ್ತದೆ ಮತ್ತು ಯಾವ ಬಳಕೆದಾರನ ಹೆಸರಿನಲ್ಲಾದರೂ ಕೆಲಸ ಆರಂಭಿಸಲು ಅದಕ್ಕೆ ಮೂಲ ಬಳಕೆದಾರನ ಅಧಿಕಾರ ಬೇಕಾಗುತ್ತದೆ. ಅದರಲ್ಲಿನ ಒಂದು ಸಣ್ಣ ದೋಷವೂ ಇಡೀ ಯಂತ್ರವನ್ನು ಪರರ ಕೈಗೆ ಒಪ್ಪಿಸಬಲ್ಲದು. ಈ ಅಪಾಯವನ್ನು ತಗ್ಗಿಸಲು 2002ರಲ್ಲಿ ನೀಲ್ಸ್ ಪ್ರೊವೊಸ್ ಅಧಿಕಾರ ವಿಭಜನೆಯನ್ನು ಅಳವಡಿಸಿದರು. ಇದರಲ್ಲಿ ಹೊರಗಿನಿಂದ ಬಂದ ಮಾಹಿತಿಯನ್ನು ಓದುವ ಭಾಗವು ಅಧಿಕಾರವಿಲ್ಲದ ಪ್ರತ್ಯೇಕ ಪ್ರಕ್ರಿಯೆಯಾಗಿ ನಡೆಯುತ್ತದೆ. ಅಧಿಕಾರವುಳ್ಳ ಚಿಕ್ಕ ಭಾಗವು ಅದರ ಕೆಲವೇ ಕೋರಿಕೆಗಳಿಗೆ ಉತ್ತರಿಸುತ್ತದೆ. 2024ರ 9.8 ಆವೃತ್ತಿಯಲ್ಲಿ ಸಂಪರ್ಕಗಳನ್ನು ಆಲಿಸುವ ಮತ್ತು ಪ್ರತಿ ಅಧಿವೇಶನವನ್ನು ನಡೆಸುವ ಕಾರ್ಯಗಳನ್ನು ಬೇರೆ ಬೇರೆ ಪ್ರೋಗ್ರಾಂಗಳಾಗಿ ವಿಂಗಡಿಸಲಾಯಿತು.

ಹಳೆಯ ಅಲ್ಗಾರಿದಮ್‌ಗಳನ್ನು ಹಂತಹಂತವಾಗಿ ಕೈಬಿಡುವುದು ಇನ್ನೊಂದು ಕ್ರಮ. ಪ್ರೋಟೊಕಾಲ್‌ನ ಮೊದಲ ಆವೃತ್ತಿಯ ಬೆಂಬಲವನ್ನು 2017ರ 7.6 ಆವೃತ್ತಿಯಲ್ಲಿ ತೆಗೆಯಲಾಯಿತು. ಶಾ-1 ಆಧಾರಿತ ಆರ್‌ಎಸ್‌ಎ ಸಹಿಗಳನ್ನು 2021ರ 8.8 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಲಾಯಿತು. ಭವಿಷ್ಯದ ಕ್ವಾಂಟಂ ಗಣಕಗಳ ದಾಳಿಯನ್ನು ತಡೆಯುವ ಉದ್ದೇಶದ ಮಿಶ್ರ ಕೀಲಿ ವಿನಿಮಯವು 2022ರ 9.0 ಆವೃತ್ತಿಯಿಂದ ಪೂರ್ವನಿಯೋಜಿತವಾಗಿದೆ.

ಗಮನಾರ್ಹ ದೋಷಗಳು

ಡೆಬಿಯನ್ ಕೀಲಿಗಳು: 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಸಂಗ್ರಹದಲ್ಲಿ ಮಾಡಿದ ಬದಲಾವಣೆಯೊಂದರಿಂದ ಯಾದೃಚ್ಛಿಕ ಸಂಖ್ಯೆಗಳ ಮೂಲವು ಪ್ರಕ್ರಿಯೆಯ ಸಂಖ್ಯೆಯೊಂದಕ್ಕೇ ಸೀಮಿತವಾಯಿತು. ಇದರಿಂದ ಪ್ರತಿಯೊಂದು ಬಗೆ ಮತ್ತು ಗಾತ್ರದ ಕೀಲಿಗೂ ಕೇವಲ 32 ಸಾವಿರದಷ್ಟು ಸಾಧ್ಯತೆಗಳು ಉಳಿದವು. 2008ರ ಮೇ ತಿಂಗಳಲ್ಲಿ ಇದು ಬಹಿರಂಗವಾದಾಗ ಆ ಅವಧಿಯ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು.

ಟೆರಾಪಿನ್: 2023ರ ಡಿಸೆಂಬರಿನಲ್ಲಿ ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಈ ದಾಳಿಯಲ್ಲಿ, ನಡುವೆ ನಿಂತ ದಾಳಿಕೋರನು ಸಂಪರ್ಕದ ಆರಂಭದ ಕೆಲವು ಸಂದೇಶಗಳನ್ನು ಯಾರಿಗೂ ತಿಳಿಯದಂತೆ ತೆಗೆದುಹಾಕಬಹುದಾಗಿತ್ತು. ಇದು ಒಂದು ತಂತ್ರಾಂಶದ ದೋಷವಾಗಿರದೆ ಪ್ರೋಟೊಕಾಲ್‌ನದೇ ದೌರ್ಬಲ್ಯವಾಗಿತ್ತು.

ಎಕ್ಸ್‌ಜೆಡ್ ಹಿಂಬಾಗಿಲು: 2024ರ ಮಾರ್ಚ್ 29ರಂದು ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್ ಅವರು ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾಗಿದ್ದುದೇ ಅವರ ಅನುಮಾನಕ್ಕೆ ಮುಖ್ಯ ಕಾರಣವಾಗಿತ್ತು. ಓಪನ್‌ಎಸ್‌ಎಸ್‌ಎಚ್‌ನ ಮೂಲ ಸಂಕೇತದಲ್ಲಿ ಯಾವ ತಪ್ಪೂ ಇರಲಿಲ್ಲ. ಕೆಲವು ಲಿನಕ್ಸ್ ವಿತರಣೆಗಳು ಅದಕ್ಕೆ ಮಾಡಿದ್ದ ಸೇರ್ಪಡೆಯಿಂದಾಗಿ ಎಕ್ಸ್‌ಜೆಡ್‌ನ ಗ್ರಂಥಾಲಯ ಪರೋಕ್ಷವಾಗಿ ಸರ್ವರ್‌ನೊಳಗೆ ಬರುತ್ತಿತ್ತು. ಸಂಬಳವಿಲ್ಲದೆ ಒಬ್ಬರೇ ನಿರ್ವಹಿಸುತ್ತಿದ್ದ ಯೋಜನೆಯಲ್ಲಿ ಸಹಾಯಕನಾಗಿ ಸೇರಿ, ಎರಡು ವರ್ಷಗಳಿಗೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಗುಪ್ತನಾಮಧಾರಿಯೊಬ್ಬ ಇದನ್ನು ಅಳವಡಿಸಿದ್ದನು.

ರಿಗ್ರೆಶನ್: 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಪ್ರಕಟಿಸಿದ ದೋಷವು 2006ರಲ್ಲಿಯೇ ಸರಿಪಡಿಸಿದ್ದ ತಪ್ಪಿನ ಮರುಕಳಿಕೆಯಾಗಿತ್ತು. 2020ರ ಬದಲಾವಣೆಯೊಂದರಲ್ಲಿ ಹಳೆಯ ರಕ್ಷಣಾ ಸಾಲು ಅರಿವಿಲ್ಲದೆ ಅಳಿಸಿಹೋಗಿತ್ತು. ಒಮ್ಮೆ ಸರಿಪಡಿಸಿದ ದೋಷಕ್ಕೂ ಶಾಶ್ವತ ಪರೀಕ್ಷೆ ಬೇಕೆಂಬುದಕ್ಕೆ ಇದು ನಿದರ್ಶನವಾಗಿದೆ.

ದೋಷಪತ್ತೆ

ಲಾಗಿನ್ ವಿಫಲವಾದಾಗ ಯಾವ ಪದರದಲ್ಲಿ ತಡೆಯಾಗಿದೆ ಎಂಬುದನ್ನು ಮೊದಲು ನಿರ್ಧರಿಸಲಾಗುತ್ತದೆ. ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್‌ಗೆ ವಿವರ ತೋರಿಸುವ ಆಯ್ಕೆಯನ್ನು ಮೂರು ಬಾರಿಯವರೆಗೆ ಕೊಡಬಹುದು. ಪ್ರತಿ ಬಾರಿಗೂ ವಿವರ ಹೆಚ್ಚುತ್ತದೆ. ದಾಳಿಕೋರರಿಗೆ ಸುಳಿವು ಸಿಗದಿರಲೆಂದು ಸರ್ವರ್ ನಿರಾಕರಣೆಯ ನಿಖರ ಕಾರಣವನ್ನು ಕ್ಲೈಂಟ್‌ಗೆ ತಿಳಿಸುವುದಿಲ್ಲ. ಆದ್ದರಿಂದ ಸರ್ವರ್‌ನ ಲಾಗ್ ನೋಡದೆ ಹಲವು ಸಮಸ್ಯೆಗಳು ಬಗೆಹರಿಯುವುದಿಲ್ಲ. ಸಾಮಾನ್ಯ ಸಮಸ್ಯೆಗಳು ಇಂತಿವೆ:

• ಸಮಯ ಮೀರಿದೆ ಎಂಬ ಸಂದೇಶ ಬಂದರೆ ಯಾವ ಉತ್ತರವೂ ಬಂದಿಲ್ಲವೆಂದರ್ಥ. ವಿಳಾಸ ತಪ್ಪಾಗಿರಬಹುದು ಅಥವಾ ಫೈರ್‌ವಾಲ್ ತಡೆದಿರಬಹುದು.
• ಸಂಪರ್ಕ ನಿರಾಕರಿಸಲಾಗಿದೆ ಎಂದು ಬಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಸರ್ವರ್ ನಡೆಯುತ್ತಿಲ್ಲ.
• ಕೀಲಿ ಸರಿಯಿದ್ದರೂ ಅನುಮತಿ ಸಿಗದಿದ್ದರೆ ಕಡತಗಳ ಹಕ್ಕುಗಳನ್ನು ಪರಿಶೀಲಿಸಬೇಕು. ಬಳಕೆದಾರನ ಮನೆ ಕಡತಕೋಶಕ್ಕೆ ಇತರರು ಬರೆಯಬಹುದಾಗಿದ್ದರೆ ಸರ್ವರ್ ಕೀಲಿಯನ್ನು ನಂಬುವುದಿಲ್ಲ. ಎಸ್‌ಎಸ್‌ಎಚ್ ಕಡತಕೋಶಕ್ಕೆ 700, ಖಾಸಗಿ ಕೀಲಿಗೆ 600 ಎಂಬ ಹಕ್ಕುಗಳು ರೂಢಿಯಲ್ಲಿವೆ.
• ಹಲವು ಕೀಲಿಗಳಿರುವ ಕ್ಲೈಂಟ್ ಅವನ್ನೆಲ್ಲ ಒಂದೊಂದಾಗಿ ಒಡ್ಡುತ್ತದೆ. ಸರ್ವರ್‌ನ ಪೂರ್ವನಿಯೋಜಿತ ಮಿತಿ 6 ಪ್ರಯತ್ನಗಳಾದ್ದರಿಂದ ಸರಿಯಾದ ಕೀಲಿಯ ಸರದಿ ಬರುವ ಮೊದಲೇ ಸಂಪರ್ಕ ಕಡಿದುಹೋಗಬಹುದು. ಬಳಸಬೇಕಾದ ಕೀಲಿಯನ್ನು ಹೆಸರಿಸುವುದೇ ಪರಿಹಾರ.
• ಹೊಸ ಕ್ಲೈಂಟ್ ಹಳೆಯ ಉಪಕರಣಕ್ಕೆ ಸಂಪರ್ಕಿಸುವಾಗ ಇಬ್ಬರಿಗೂ ಒಪ್ಪುವ ಅಲ್ಗಾರಿದಮ್ ಸಿಗದಿರಬಹುದು. ಉಪಕರಣವನ್ನು ನವೀಕರಿಸುವುದು ಸೂಕ್ತ. ಅದು ಅಸಾಧ್ಯವಾದರೆ ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ನೀಡಲಾಗುತ್ತದೆ.
• ಸರ್ವರ್‌ನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಯಂತ್ರವನ್ನು ಮರುಸ್ಥಾಪಿಸಿದಾಗಲೂ ಬರುತ್ತದೆ, ನಡುವೆ ದಾಳಿಕೋರನಿದ್ದಾಗಲೂ ಬರುತ್ತದೆ. ಆಡಳಿತಗಾರರಿಂದ ಬೇರೆ ಮಾರ್ಗದಲ್ಲಿ ಬೆರಳಚ್ಚನ್ನು ಖಚಿತಪಡಿಸಿಕೊಳ್ಳದೆ ಹಳೆಯ ಕೀಲಿಯನ್ನು ಅಳಿಸುವುದು ಅಪಾಯಕರ.

ಸರ್ವರ್‌ನ ಸಂರಚನೆಯನ್ನು ಬದಲಿಸುವಾಗ ಆಡಳಿತಗಾರನು ತನ್ನನ್ನೇ ಹೊರಗಿಟ್ಟುಕೊಳ್ಳುವ ಸಾಧ್ಯತೆಯಿದೆ. ಇದನ್ನು ತಪ್ಪಿಸಲು ಮರುಪ್ರಾರಂಭಕ್ಕೆ ಮೊದಲು ಸಂರಚನಾ ಕಡತವನ್ನು ಪರೀಕ್ಷಾ ಆಯ್ಕೆಯಿಂದ ತಪಾಸಣೆ ಮಾಡಿ, ತೆರೆದಿರುವ ಅಧಿವೇಶನವನ್ನು ಮುಚ್ಚದೆ, ಎರಡನೆಯ ಕಿಟಕಿಯಿಂದ ಹೊಸ ಲಾಗಿನ್ ಯಶಸ್ವಿಯಾಗುವುದನ್ನು ನೋಡಿಕೊಳ್ಳಲಾಗುತ್ತದೆ.

ಬೆಂಗಳೂರಿನಲ್ಲಿ ಬಳಕೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಆದ, 2022ರಲ್ಲಿ ಸ್ಥಾಪಿತವಾದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗವನ್ನು ಸಂಶೋಧಕರು ಎಸ್‌ಎಸ್‌ಎಚ್ ಮೂಲಕ ತಲುಪುತ್ತಾರೆ. ಅವರು ಲಾಗಿನ್ ನೋಡ್‌ಗೆ ಪ್ರವೇಶಿಸಿ ತಮ್ಮ ಕೆಲಸವನ್ನು ಸರದಿಗೆ ಸೇರಿಸುತ್ತಾರೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ಮಾಹಿತಿ ತಂತ್ರಜ್ಞಾನ ನೌಕರರು ಮನೆಯಿಂದ ಕೆಲಸ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆ ನಿಯಮಗಳನ್ನು ಸಡಿಲಿಸಿತು. ಯಡಿಯೂರು, ಜಯನಗರ, ಬನಶಂಕರಿ, ಜೆ.ಪಿ. ನಗರಗಳಂತಹ ವಸತಿ ಬಡಾವಣೆಗಳ ಮನೆಯ ಸಂಪರ್ಕಗಳೇ ಕಚೇರಿಯ ಸರ್ವರ್‌ಗಳಿಗೆ ದಾರಿಯಾದವು. ಮನೆಯ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಜಾಲಗಳಲ್ಲಿ ಅನೇಕ ವೇಳೆ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುತ್ತಾರೆ. ಇದರಿಂದ ಎರಡು ತೊಡಕುಗಳು ಉಂಟಾಗುತ್ತವೆ. ಸ್ವಲ್ಪ ಹೊತ್ತು ಏನನ್ನೂ ಟೈಪ್ ಮಾಡದಿದ್ದರೆ ಅಧಿವೇಶನ ಕಡಿದುಹೋಗಬಹುದು. ನಿಗದಿತ ಅಂತರದಲ್ಲಿ ಜೀವಂತ ಸಂದೇಶ ಕಳುಹಿಸುವಂತೆ ಕ್ಲೈಂಟನ್ನು ಹೊಂದಿಸಿದರೆ ಇದು ಸರಿಹೋಗುತ್ತದೆ. ಹೊರಗಿನಿಂದ ಮನೆಯ ಯಂತ್ರಕ್ಕೆ ನೇರವಾಗಿ ಲಾಗಿನ್ ಆಗಲು ಬರುವುದಿಲ್ಲ. ಅದಕ್ಕೆ ಮನೆಯ ಯಂತ್ರದಿಂದಲೇ ಹೊರಗಿನ ಸರ್ವರ್‌ಗೆ ಹಿಮ್ಮುಖ ಸುರಂಗವನ್ನು ತೆರೆದಿಡಲಾಗುತ್ತದೆ. ಕಚೇರಿಯ ಯಂತ್ರಗಳಲ್ಲಿ ಅನುಮತಿಯಿಲ್ಲದೆ ಹೀಗೆ ಮಾಡುವುದು ಸಂಸ್ಥೆಯ ಫೈರ್‌ವಾಲನ್ನು ಬಳಸಿ ದಾಟಿದಂತಾಗುತ್ತದೆ.

ಭಾರತದ ಸೈಬರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು ಮತ್ತು ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಎಸ್‌ಎಸ್‌ಎಚ್ ಲಾಗಿನ್ ದಾಖಲೆಗಳೂ ಇಂತಹ ತನಿಖೆಗೆ ಆಧಾರವಾಗುತ್ತವೆ.

ಕನ್ನಡ ಪಠ್ಯ

ಎಸ್‌ಎಸ್‌ಎಚ್ ತಾನು ಸಾಗಿಸುವ ಪಠ್ಯವನ್ನು ಬದಲಿಸುವುದಿಲ್ಲ. ಕನ್ನಡ ಕಡತನಾಮಗಳು ಯುಟಿಎಫ್-8 ರೂಪದಲ್ಲಿ ಹಾಗೆಯೇ ಹಾದುಹೋಗುತ್ತವೆ. ದೂರದ ಯಂತ್ರದಲ್ಲಿ ಯುಟಿಎಫ್-8 ಭಾಷಾ ಸಂಯೋಜನೆ ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಅಥವಾ ಸಂಖ್ಯೆಗಳು ಕಾಣಿಸಬಹುದು. ಒತ್ತಕ್ಷರಗಳು ಒಡೆದು ಕಾಣುವುದಕ್ಕೆ ಕಾರಣ ಬೇರೆ. ಬಹುತೇಕ ಟರ್ಮಿನಲ್‌ಗಳು ಪ್ರತಿ ಅಕ್ಷರವನ್ನೂ ಸಮಾನ ಅಗಲದ ಚೌಕದಲ್ಲಿ ಕೂರಿಸುತ್ತವೆ, ಆದರೆ ಕನ್ನಡದ ಸಂಯುಕ್ತಾಕ್ಷರಗಳು ಆ ಚೌಕಟ್ಟಿಗೆ ಹೊಂದುವುದಿಲ್ಲ. ಇದು ಬಳಕೆದಾರನ ಯಂತ್ರದಲ್ಲಿರುವ ಟರ್ಮಿನಲ್‌ನ ಮಿತಿಯಾಗಿದ್ದು, ಇದರಿಂದ ದೂರದ ಯಂತ್ರದಲ್ಲಿರುವ ಕಡತಕ್ಕೆ ಹಾನಿಯಾಗುವುದಿಲ್ಲ.